ಮೊದಲ ಐ.ಟಿ. ಉದ್ಯೋಗಕ್ಕೆ ರೆಸ್ಯೂಮ್: ಬರೆದ ಪ್ರತಿ ಸಾಲಿಗೂ ಉತ್ತರ ಕೊಡಬೇಕಾದವರು ನೀವೇ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಹೊಸದೊಂದು ಓಡಾಟ ಆರಂಭವಾಗುತ್ತದೆ. ಬೆಂಗಳೂರಿನ ಕಂಪೆನಿಗಳಲ್ಲಿರುವ ಸಂಬಂಧಿಕರ, ನೆರೆಕರೆಯವರ ಮೊಬೈಲ್ ನಂಬರ್ ಹುಡುಕಿ, "ನಮ್ಮ ಹುಡುಗಿಯದ್ದೊಂದು ರೆಸ್ಯೂಮ್ ಕಳುಹಿಸಿದ್ದೇವೆ, ಎಲ್ಲಿಯಾದರೂ ಅವಕಾಶ ಇದ್ದರೆ ನೋಡಿ" ಎಂದು ಕೇಳಿಕೊಳ್ಳುವುದು. ಹೀಗೆ ಬಂದ ರೆಸ್ಯೂಮ್‌ಗಳನ್ನು ಓದುವ, ಹೊಸಬರ ಸಂದರ್ಶನಗಳಲ್ಲಿ ಕುಳಿತುಕೊಳ್ಳುವ ಅವಕಾಶ ನನಗೆ ಹಲವು ವರ್ಷಗಳಿಂದ ಸಿಕ್ಕಿದೆ. ಒಂದು ಮಾತನ್ನು ಬೇಸರದಿಂದಲೇ ಹೇಳಬೇಕು. ಮೇಲಿನ ಹೆಸರು ಮುಚ್ಚಿದರೆ ಯಾವುದು ಯಾರದ್ದೆಂದು ಹೇಳಲಾಗದಷ್ಟು ಅವೆಲ್ಲ ಒಂದೇ ಬಗೆ. ಹಿಂದಿನ ಬ್ಯಾಚಿನ ಯಾರೋ ಮಾಡಿಟ್ಟ ಫೈಲ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ, ಈಗ ವಾಟ್ಸಾಪ್‌ನಿಂದ ವಾಟ್ಸಾಪ್‌ಗೆ ದಾಟುತ್ತಾ ಬಂದಿರುತ್ತದೆ. ಹೆಸರು, ಊರು, ಅಂಕ ಮಾತ್ರ ಬದಲಾಗಿರುತ್ತವೆ. ಒಮ್ಮೆ ನನಗೆ ಬಂದ ರೆಸ್ಯೂಮ್‌ನ ಕೊನೆಯಲ್ಲಿ ಹಳೆಯ ಮಾಲೀಕನ ಸಹಿಯ ಜಾಗದ ಹೆಸರೇ ಹಾಗೆಯೇ ಉಳಿದಿತ್ತು.

ಇದು ನಗುವ ವಿಷಯವಲ್ಲ. ಶೈಕ್ಷಣಿಕ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಬಳಿಕ ಆರಂಭವಾಗುತ್ತದೆ. ಆ ಒಂದು ವರ್ಷದೊಳಗೆ ಮಗ ಅಥವಾ ಮಗಳು ಎಲ್ಲಿಯಾದರೂ ಸೇರಿಕೊಳ್ಳಬೇಕು ಎಂದು ಮನೆಯವರು ಲೆಕ್ಕ ಹಾಕಿರುತ್ತಾರೆ. ಒಳ್ಳೆಯ ರೆಸ್ಯೂಮ್ ಇದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಆದರೆ ಕೆಟ್ಟ ರೆಸ್ಯೂಮ್‌ನಿಂದಾಗಿ, ಕೆಲಸ ಮಾಡಬಲ್ಲ ಹುಡುಗ ಹುಡುಗಿಯರು ಸಂದರ್ಶನದ ಬಾಗಿಲಿನ ತನಕವೂ ಹೋಗದೆ ಉಳಿಯುವುದನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಹೇಳಿಕೊಳ್ಳಲು ಏನಾದರೊಂದು ಇತ್ತು. ಅದನ್ನೇ ಅವರು ಬರೆದಿರಲಿಲ್ಲ.

ರೆಸ್ಯೂಮ್ ಎಲ್ಲಿಗೆ ಹೋಗುತ್ತದೆ?

ಮೊದಲು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ದೊಡ್ಡ ಕಂಪೆನಿಗಳು ಹೊಸಬರನ್ನು ಸಾವಿರಗಟ್ಟಲೆ ತೆಗೆದುಕೊಳ್ಳುವಾಗ ರೆಸ್ಯೂಮ್‌ಗಿಂತ ಮುಂಚೆ ಆನ್‌ಲೈನ್ ಅರ್ಜಿ ಮತ್ತು ಪರೀಕ್ಷೆಯ ಮೂಲಕ ಆರಿಸುತ್ತವೆ. ಟಿಸಿಎಸ್‌ನ ಎನ್‌ಕ್ಯೂಟಿ ಪರೀಕ್ಷೆ ಇದಕ್ಕೊಂದು ಉದಾಹರಣೆ. ಅಲ್ಲಿ ನೀವು ಫಾರ್ಮ್‌ನಲ್ಲಿ ತುಂಬಿದ ಪದವಿ, ತೇರ್ಗಡೆಯಾದ ವರ್ಷ, ಅಂಕ, ಬಾಕಿ ಇರುವ ವಿಷಯಗಳ ಸಂಖ್ಯೆ ಇವೇ ಮೊದಲ ಜರಡಿ. ರೆಸ್ಯೂಮ್ ಮೇಜಿನ ಮೇಲೆ ಬರುವುದು ಆಮೇಲೆ, ಸಂದರ್ಶಕರ ಕೈಗೆ.

ಮಧ್ಯಮ ಮತ್ತು ಸಣ್ಣ ಕಂಪೆನಿಗಳಲ್ಲಿ, ನೌಕರಿ ಅಥವಾ ಲಿಂಕ್ಡ್‌ಇನ್‌ನಂತಹ ತಾಣಗಳ ಮೂಲಕ ಹಾಕುವ ಅರ್ಜಿಗಳಲ್ಲಿ ರೆಸ್ಯೂಮ್‌ಗೇ ಮೊದಲ ಸ್ಥಾನ. ಅಲ್ಲಿ ಎಟಿಎಸ್ ಎಂಬ ತಂತ್ರಾಂಶ ನಿಮ್ಮ ಫೈಲ್‌ನಿಂದ ಅಕ್ಷರಗಳನ್ನು ಹೆಕ್ಕಿ, ಹೆಸರು, ಫೋನ್, ಪದವಿ, ಕೌಶಲ ಎಂದು ವಿಂಗಡಿಸಿ ಇಡುತ್ತದೆ. ನೇಮಕಾತಿ ವಿಭಾಗದವರು "ಜಾವಾ, ಎಸ್‌ಕ್ಯೂಎಲ್, ಈ ವರ್ಷ ತೇರ್ಗಡೆ" ಎಂದು ಹುಡುಕಿದಾಗ ಪಟ್ಟಿ ಬರುತ್ತದೆ. ಈ ತಂತ್ರಾಂಶವೇ ಎಲ್ಲರನ್ನೂ ತಿರಸ್ಕರಿಸುತ್ತದೆ ಎಂಬ ಹೆದರಿಕೆ ಯುವಜನರಲ್ಲಿ ವಿಪರೀತ ಹಬ್ಬಿದೆ. ನಿಜವಾದ ತೊಂದರೆ ಅದಕ್ಕಿಂತ ಸಣ್ಣದು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಬಣ್ಣದ ಟೆಂಪ್ಲೇಟ್‌ಗಳಲ್ಲಿ ಎರಡು ಕಾಲಮ್, ಟೇಬಲ್, ಚಿತ್ರದೊಳಗಿನ ಅಕ್ಷರ, ಜಾವಾಗೆ ಐದರಲ್ಲಿ ನಾಲ್ಕು ನಕ್ಷತ್ರ ಮುಂತಾದವು ಇರುತ್ತವೆ. ತಂತ್ರಾಂಶ ಇದನ್ನು ಓದುವಾಗ ಎಡದ ಸಾಲು ಬಲದ ಸಾಲಿಗೆ ಬೆರೆತು ಹೋಗಬಹುದು, ಚಿತ್ರದೊಳಗಿನ ಫೋನ್ ನಂಬರ್ ಕಾಣದೇ ಹೋಗಬಹುದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಖರ್ಚಿಲ್ಲ. ನಿಮ್ಮ ಪಿಡಿಎಫ್ ತೆರೆದು ಎಲ್ಲ ಅಕ್ಷರಗಳನ್ನು ಆಯ್ದು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಕ್ರಮವಾಗಿ ಓದಲು ಬಂದರೆ ತಂತ್ರಾಂಶಕ್ಕೂ ಹೆಚ್ಚುಕಡಿಮೆ ಓದಲು ಬರುತ್ತದೆ. ಕಲಸುಮೇಲೋಗರವಾದರೆ ಟೆಂಪ್ಲೇಟ್ ಬಿಟ್ಟು, ಮೇಲಿನಿಂದ ಕೆಳಗೆ ಒಂದೇ ಕಾಲಮ್‌ನಲ್ಲಿ ಸರಳವಾಗಿ ಬರೆಯಿರಿ. ಏನೂ ಆಯ್ಕೆಯಾಗದಿದ್ದರೆ ನಿಮ್ಮ ಪಿಡಿಎಫ್ ಬರೇ ಫೋಟೋ ಎಂದರ್ಥ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಕಳುಹಿಸುವವರು ಈಗಲೂ ಇದ್ದಾರೆ.

ಯಾವುದನ್ನು ತೆಗೆದುಹಾಕಬೇಕು

ನಮ್ಮಲ್ಲಿ ರೆಸ್ಯೂಮ್ ಮತ್ತು ಮದುವೆಯ ಬಯೋಡಾಟಾ ಎರಡೂ ಸ್ವಲ್ಪ ಬೆರೆತುಹೋಗಿವೆ. ತಂದೆಯ ಹೆಸರು, ತಂದೆಯ ಉದ್ಯೋಗ, ಧರ್ಮ, ಜಾತಿ, ವೈವಾಹಿಕ ಸ್ಥಿತಿ, ಎತ್ತರ, ಗೊತ್ತಿರುವ ಐದು ಭಾಷೆ, ಸಂಗೀತ ಕೇಳುವ ಹವ್ಯಾಸ ಇವು ಯಾವುವೂ ಬೇಡ. ಪಾಸ್‌ಪೋರ್ಟ್, ಆಧಾರ್, ಪಾನ್ ಸಂಖ್ಯೆಗಳನ್ನಂತೂ ಖಂಡಿತ ಹಾಕಬಾರದು. ಆ ಫೈಲ್ ಎಷ್ಟು ಜನರ ಕೈ ದಾಟಿ ಹೋಗುತ್ತದೆಂದು ನಿಮಗೆ ಗೊತ್ತಿರುವುದಿಲ್ಲ. ಕೆಳಗೆ "ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ" ಎಂಬ ಘೋಷಣೆಯೂ ಬೇಕಿಲ್ಲ. ಅದಕ್ಕಾಗಿ ಕಂಪೆನಿಯವರು ಬೇರೆ ಫಾರ್ಮ್‌ನಲ್ಲಿ ಸಹಿ ಪಡೆಯುತ್ತಾರೆ.

ಇಲ್ಲೊಂದು ವಿನಾಯಿತಿ ಹೇಳಬೇಕು. ದುಬೈನಲ್ಲೋ ಕುವೈಟ್‌ನಲ್ಲೋ ಇರುವ ಮಾವ ಅಥವಾ ಅಣ್ಣ ಕಳುಹಿಸಿದ ಮಾದರಿಯಲ್ಲಿ ಫೋಟೋ, ರಾಷ್ಟ್ರೀಯತೆ, ವೀಸಾ ಸ್ಥಿತಿ ಎಲ್ಲ ಇರುತ್ತದೆ. ಗಲ್ಫ್‌ನ ಅರ್ಜಿಗಳಲ್ಲಿ ಅದು ರೂಢಿ, ಅವರು ತಪ್ಪು ಹೇಳಿಲ್ಲ. ಆದರೆ ಅದನ್ನೇ ಬೆಂಗಳೂರಿಗೋ ಮುಡಿಪುವಿನ ಇನ್ಫೋಸಿಸ್‌ಗೋ ಕಳುಹಿಸಬೇಕಾಗಿಲ್ಲ. ಎರಡಕ್ಕೂ ಬೇರೆ ಬೇರೆ ಪ್ರತಿ ಇಟ್ಟುಕೊಳ್ಳಿ.

ಇನ್ನು "ಉದ್ದೇಶ" ಎಂಬ ತಲೆಬರಹದ ಕೆಳಗಿನ ಸಾಲು. ಸವಾಲಿನ ವಾತಾವರಣದಲ್ಲಿ ನನ್ನ ಕೌಶಲಗಳನ್ನು ಬಳಸಿ ಸಂಸ್ಥೆಯ ಹಾಗೂ ನನ್ನ ಬೆಳವಣಿಗೆಗೆ ಶ್ರಮಿಸುವುದು ಎಂಬರ್ಥದ ಇಂಗ್ಲಿಷ್ ವಾಕ್ಯ. ಇದನ್ನು ಬರೆದವರೂ ಓದಿಲ್ಲ, ನಾವೂ ಓದುವುದಿಲ್ಲ. ಅದರ ಬದಲು ಎರಡು ಸಾಲು ಸಾಕು: ಯಾವ ಪದವಿ, ಯಾವ ವರ್ಷ, ಯಾವುದರಲ್ಲಿ ಕೆಲಸ ಮಾಡಿ ಅಭ್ಯಾಸವಿದೆ, ಯಾವ ಹುದ್ದೆಗೆ ಅರ್ಜಿ. ಟೆಸ್ಟಿಂಗ್ ಹುದ್ದೆಗೆ ಹಾಕುವಾಗ ಟೆಸ್ಟಿಂಗ್ ಎಂದೂ, ಡೆವಲಪರ್ ಹುದ್ದೆಗೆ ಹಾಕುವಾಗ ಡೆವಲಪರ್ ಎಂದೂ ಬದಲಿಸುವಷ್ಟು ತಾಳ್ಮೆ ಇರಲಿ.

ಹೆಸರಿನ ವಿಷಯ

ಇದು ಸಣ್ಣ ಸಂಗತಿಯಂತೆ ಕಂಡರೂ ನಮ್ಮ ಭಾಗದವರಿಗೆ ಇಷ್ಟು ತಲೆನೋವು ಕೊಟ್ಟದ್ದು ಇನ್ನೊಂದಿಲ್ಲ. ಡಿಸೋಜ, ಡಿಸಿಲ್ವ, ಡಿಮೆಲ್ಲೊ, ಡಿಅಲ್ಮೇಡ ಎಂಬ ಕುಲನಾಮಗಳನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಡಿ ಅಕ್ಷರದ ಬಳಿಕ ಒಂದು ಕೊಂಬಿನಂತಹ ಗುರುತು ಬರುತ್ತದಲ್ಲ, ಅಪಾಸ್ಟ್ರಫಿ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಅದು ಇರುತ್ತದೆ, ಆಧಾರ್‌ನಲ್ಲಿ ಅದರ ಬದಲು ಖಾಲಿ ಜಾಗ ಇರುತ್ತದೆ, ಪಾನ್ ಕಾರ್ಡಿನಲ್ಲಿ ಎರಡೂ ಕೂಡಿಕೊಂಡಿರುತ್ತವೆ. ಎಷ್ಟೋ ಆನ್‌ಲೈನ್ ಫಾರ್ಮ್‌ಗಳು ಆ ಗುರುತನ್ನು ಸ್ವೀಕರಿಸುವುದೇ ಇಲ್ಲ. ಬೇರೆಯವರಿಗೂ ಇಂತಹದೇ ತೊಂದರೆ ಇದೆ: ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಅದರ ವಿಸ್ತಾರ, ಮತ್ತೊಂದು ಕಡೆ ಮನೆತನದ ಹೆಸರೇ ಇಲ್ಲ.

ಕೆಲಸ ಸಿಕ್ಕ ಬಳಿಕ ದಾಖಲೆಗಳ ಪರಿಶೀಲನೆ ನಡೆಯುವಾಗ ಇದು ಅಡ್ಡ ಬರುತ್ತದೆ. ಸೇರುವ ದಿನ ಹತ್ತಿರ ಬಂದಾಗ ಅಫಿಡವಿಟ್‌ಗಾಗಿ ನೋಟರಿಯವರಲ್ಲಿಗೆ ಓಡುವವರನ್ನು ನೋಡಿದ್ದೇನೆ. ಆದ್ದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇರುವಂತೆಯೇ ರೆಸ್ಯೂಮ್‌ನಲ್ಲಿ ಹೆಸರು ಬರೆಯಿರಿ. ಆಧಾರ್, ಪಾನ್‌ಗಳಲ್ಲಿ ವ್ಯತ್ಯಾಸವಿದ್ದರೆ ಕೊನೆಯ ಸೆಮಿಸ್ಟರ್‌ನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಅಂದ ಹಾಗೆ, ಫಾರ್ಮ್ ಬರೆದ ಪ್ರೋಗ್ರಾಮರ್ ಈ ಗುರುತನ್ನು ಏಕೆ ಹೆದರುತ್ತಾನೆಂದರೆ ಎಸ್‌ಕ್ಯೂಎಲ್‌ನಲ್ಲಿ ಅದು ಅಕ್ಷರಮಾಲೆಯ ಕೊನೆಯನ್ನು ಸೂಚಿಸುವ ಚಿಹ್ನೆ. ಸರಿಯಾಗಿ ಬರೆಯದ ಪ್ರೋಗ್ರಾಂನಲ್ಲಿ ಡಿಸೋಜ ಎಂದು ಟೈಪ್ ಮಾಡಿದರೆ ಅಲ್ಲಿಗೇ ತುಂಡಾಗಿ ತಪ್ಪು ಬರುತ್ತದೆ. ಸಂದರ್ಶನದಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದರೇನು ಎಂದು ಕೇಳಿದರೆ ನಿಮ್ಮ ಹೆಸರಿನಿಂದಲೇ ವಿವರಿಸಬಹುದು!

ಇಮೇಲ್ ವಿಳಾಸವೂ ಹೆಸರಿನಂತೆಯೇ ಇರಲಿ. ಒಂಬತ್ತನೇ ತರಗತಿಯಲ್ಲಿ ಗೆಳೆಯರೊಂದಿಗೆ ತಮಾಷೆಗೆ ಮಾಡಿದ ವಿಳಾಸ ಬೇಡ. ಫೋನ್ ನಂಬರ್ ಮುಂದಿನ ಆರು ತಿಂಗಳು ಬದಲಾಗದಂತೆ ನೋಡಿಕೊಳ್ಳಿ.

ಕೌಶಲಗಳ ಉದ್ದ ಪಟ್ಟಿ

ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್, ಎಚ್‌ಟಿಎಂಎಲ್, ಪಿಎಚ್‌ಪಿ, ಒರೇಕಲ್, ಕ್ಲೌಡ್, ಮಷಿನ್ ಲರ್ನಿಂಗ್, ಎಂಎಸ್ ಆಫೀಸ್. ಸಿಲೆಬಸ್‌ನಲ್ಲಿದ್ದ ಎಲ್ಲ ವಿಷಯಗಳೂ ಕೌಶಲಗಳಾಗಿ ಬಂದು ಕುಳಿತಿರುತ್ತವೆ. ಸಂದರ್ಶಕ ಈ ಪಟ್ಟಿಯಿಂದಲೇ ಪ್ರಶ್ನೆ ಆರಿಸುತ್ತಾನೆ ಎಂಬುದನ್ನು ಮರೆಯಬೇಡಿ. ಎಸ್‌ಕ್ಯೂಎಲ್ ಎಂದು ಬರೆದಿದ್ದರೆ ವೇರ್ ಮತ್ತು ಹ್ಯಾವಿಂಗ್ ನಡುವಿನ ವ್ಯತ್ಯಾಸ, ಲೆಫ್ಟ್ ಜಾಯಿನ್ ಎಂದರೇನು ಎಂಬುದು ಬಂದೇ ಬರುತ್ತದೆ. ಜಾವಾ ಎಂದು ಬರೆದಿದ್ದರೆ ಸ್ಟ್ರಿಂಗ್ ಅನ್ನು ಒಮ್ಮೆ ಮಾಡಿದ ಮೇಲೆ ಬದಲಿಸಲಾಗದು ಎಂದರೆ ಏನರ್ಥ ಎಂದು ಕೇಳುತ್ತಾರೆ. ಹತ್ತು ಭಾಷೆ ಬರೆದು ಮೊದಲನೆಯದರಲ್ಲೇ ತಡವರಿಸಿದರೆ ಉಳಿದ ಒಂಬತ್ತನ್ನೂ ಅವರು ನಂಬುವುದಿಲ್ಲ. ಎರಡು ಬರೆದು ಎರಡಕ್ಕೂ ನೆಟ್ಟಗೆ ಉತ್ತರಿಸಿದವರಿಗೆ ಮೂರನೆಯದನ್ನು ಕಲಿಸಬಹುದು ಎಂಬ ಧೈರ್ಯ ಬರುತ್ತದೆ. ಹೊಸಬರಿಂದ ನಾವು ನಿರೀಕ್ಷಿಸುವುದೂ ಅಷ್ಟೇ.

ಚೆನ್ನಾಗಿ ಗೊತ್ತಿರುವುದು ಒಂದು ಸಾಲು, ಪರಿಚಯ ಮಾತ್ರ ಇರುವುದು ಇನ್ನೊಂದು ಸಾಲು ಎಂದು ವಿಭಾಗಿಸಿದರೆ ಓದುವವರಿಗೂ ಸಂತೋಷ. ಐಐಟಿಗಳ ಎನ್‌ಪಿಟಿಇಎಲ್‌ನಂತಹ ಕೋರ್ಸನ್ನು ಪರೀಕ್ಷೆ ಬರೆದು ಮುಗಿಸಿದ್ದರೆ ಅದನ್ನು ಹಾಕಬಹುದು. ಎರಡು ಗಂಟೆಯ ವೆಬಿನಾರ್‌ಗಳ ಹದಿನೈದು ಸರ್ಟಿಫಿಕೇಟ್‌ಗಳಿಗೆ, ಹಣ ಕೊಟ್ಟು ಪಡೆದ ಇಂಟರ್ನ್‌ಶಿಪ್ ಪತ್ರಗಳಿಗೆ ತೂಕವಿಲ್ಲ.

ಪ್ರಾಜೆಕ್ಟ್ ಎಂಬ ಮುಖ್ಯ ಭಾಗ

ಅನುಭವವಿಲ್ಲದವರ ರೆಸ್ಯೂಮ್‌ನಲ್ಲಿ ಜೀವ ಇರುವುದು ಇಲ್ಲಿಯೇ. ಆದರೆ ಇಲ್ಲಿಯೂ ಅದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅದೇ ಆಸ್ಪತ್ರೆ ಮ್ಯಾನೇಜ್‌ಮೆಂಟ್ ಸಿಸ್ಟಮ್. ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳಿವೆ, ಸಿ.ಡಿ. ಮತ್ತು ಬೈಂಡ್ ಮಾಡಿದ ವರದಿ ಜೊತೆಗೇ ಸಿಗುತ್ತಿತ್ತು, ಈಗ ಲಿಂಕ್ ಸಿಗುತ್ತದೆ. ಸಂದರ್ಶಕರಿಗೆ ಇದು ಗೊತ್ತಿಲ್ಲವೆಂದು ಭಾವಿಸಬೇಡಿ. ಅವರೂ ಕಾಲೇಜಿಗೆ ಹೋಗಿಯೇ ಬಂದವರು.

ಕೆಲವು ವರ್ಷಗಳ ಹಿಂದೆ ಬಿ.ಸಿ.ಎ. ಮುಗಿಸಿದ ಹುಡುಗಿಯೊಬ್ಬಳು ತನ್ನ ರೆಸ್ಯೂಮ್ ತೋರಿಸಿದಳು. ಅಂಕ ಸಾಧಾರಣ, ಪ್ರಾಜೆಕ್ಟ್ ಆನ್‌ಲೈನ್ ಶಾಪಿಂಗ್. ಅದರ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದಳು, ನಾಲ್ಕು ಜನರ ತಂಡದಲ್ಲಿ ಅವಳ ಪಾಲು ವರದಿ ಟೈಪ್ ಮಾಡಿದ್ದು ಮಾತ್ರ. ಮನೆಯಲ್ಲಿ ಏನಾದರೂ ಮಾಡಿದ್ದೀಯಾ ಎಂದು ಕೇಳಿದೆ. ಮೊದಲು ಇಲ್ಲ ಎಂದಳು. ಸ್ವಲ್ಪ ಹೊತ್ತಿನ ಬಳಿಕ, "ಅಪ್ಪ ಹಾಲು ಹಾಕುವ ಸೊಸೈಟಿಯ ಲೆಕ್ಕಕ್ಕೊಂದು ಪ್ರೋಗ್ರಾಂ ಮಾಡಿದ್ದೆ, ಅದೇನು ದೊಡ್ಡದಲ್ಲ" ಎಂದಳು.

ಹಾಲಿನ ದರ ಲೀಟರ್‌ಗೆ ಒಂದೇ ಇರುವುದಿಲ್ಲ. ಕೊಬ್ಬಿನಂಶ ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಇವುಗಳ ಮೇಲೆ ದರ ನಿಗದಿಯಾಗುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಬಟವಾಡೆ ಚೀಟಿಯಲ್ಲಿ ಬಂದ ಮೊತ್ತ ಸರಿಯೇ ಎಂದು ತಂದೆಗೆ ಅನುಮಾನ ಬಂದಾಗಲೆಲ್ಲ ಇವಳು ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದಳು. ಕೊನೆಗೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ, ಸಣ್ಣ ಡೇಟಾಬೇಸ್ ಮಾಡಿದಳು. ನಡುವೆ ದರ ಬದಲಾದಾಗ ಹಳೆಯ ದಿನಗಳ ಲೆಕ್ಕವೂ ಬದಲಾಗಿ ಹೋಯಿತು. ಹಾಗಾಗಿ ದರದ ಜೊತೆ ಅದು ಜಾರಿಗೆ ಬಂದ ದಿನಾಂಕವನ್ನೂ ಪ್ರತ್ಯೇಕ ಟೇಬಲ್‌ನಲ್ಲಿ ಇಟ್ಟಳು. ಆಮೇಲೆ ನೆರೆಮನೆಯ ಇಬ್ಬರು ತಮ್ಮ ಚೀಟಿಯನ್ನೂ ನೋಡಿಸಿಕೊಂಡು ಹೋಗತೊಡಗಿದರು.

ಇದನ್ನು ಹೇಳುವಾಗ ಅವಳ ಮಾತಿನಲ್ಲಿ ಒಂದು ತಡವರಿಕೆಯೂ ಇರಲಿಲ್ಲ. ಬಿಲ್ಲಿಂಗ್ ತಂತ್ರಾಂಶ ಮಾಡುವ ದೊಡ್ಡ ಕಂಪೆನಿಗಳಲ್ಲಿ ಎಂಜಿನಿಯರ್‌ಗಳು ತಲೆ ಕೆಡಿಸಿಕೊಳ್ಳುವುದು ಇದೇ ಸಮಸ್ಯೆಗೆ: ದರ ಬದಲಾದಾಗ ಹಳೆಯ ಬಿಲ್ ಬದಲಾಗಬಾರದು. ಇದು ತನ್ನಿಂದ ತಾನೇ ಅವಳಿಗೆ ಹೊಳೆದಿತ್ತು, ಆದರೆ ರೆಸ್ಯೂಮ್‌ನಲ್ಲಿ ಅದರ ಸುಳಿವೂ ಇರಲಿಲ್ಲ. ಹಾಲಿನ ಲೆಕ್ಕ ಬರೆದರೆ ನಗುತ್ತಾರೆ ಎಂಬ ಸಂಕೋಚ.

ಶಾಪಿಂಗ್ ಪ್ರಾಜೆಕ್ಟನ್ನು ಒಂದು ಸಾಲಿಗೆ ಇಳಿಸಿ, ತನ್ನ ಪಾಲು ಎಷ್ಟೋ ಅಷ್ಟೇ ಬರೆದು, ಇದನ್ನು ಮೇಲೆ ತಂದೆವು. ಯಾರಿಗಾಗಿ, ಏನು ತೊಂದರೆ ಇತ್ತು, ಯಾವುದರಲ್ಲಿ ಮಾಡಿದ್ದು, ಎಷ್ಟು ಮನೆಯವರು ಬಳಸುತ್ತಾರೆ, ಎಲ್ಲಿ ತಪ್ಪಾಗಿತ್ತು, ಹೇಗೆ ಸರಿಮಾಡಿದ್ದು. ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು. ಬಳಸುವವರು ಮೂರು ಮನೆಯವರು ಎಂದರೆ ಮೂರು ಎಂದೇ ಬರೆದೆವು, ಮೂವತ್ತು ಎಂದಲ್ಲ. ಅವಳಿಗೆ ಆರನೆಯ ಅರ್ಜಿಯಲ್ಲಿ ಸಂದರ್ಶನದ ಕರೆ ಬಂತು. ಅಲ್ಲಿ ಅರ್ಧ ಗಂಟೆ ಹಾಲಿನ ಬಗ್ಗೆಯೇ ಮಾತಾಯಿತಂತೆ. ಆ ಕಡೆ ಕೆಲಸ ಸಿಗಲಿಲ್ಲ, ಅದರ ನಂತರದ ಸಂದರ್ಶನದಲ್ಲಿ ಸಿಕ್ಕಿತು.

ಇಂತಹ ಕೆಲಸ ಮಾಡಿದ್ದರೆ ಗಿಟ್‌ಹಬ್‌ನಲ್ಲಿ ಹಾಕಿ, ಏನು, ಹೇಗೆ ನಡೆಸಬೇಕು ಎಂದು ಹತ್ತು ಸಾಲು ಬರೆದು, ಲಿಂಕನ್ನು ರೆಸ್ಯೂಮ್‌ನಲ್ಲಿ ಕೊಡಿ. ಅಲ್ಲಿ ಯಾವ ದಿನ ಏನು ಬದಲಾಯಿಸಿದ್ದೆಂಬ ದಾಖಲೆ ಉಳಿಯುತ್ತದೆ. ತಿಂಗಳುಗಳ ಕೆಲಸ ಎಂದು ಹೇಳಿ ಎಲ್ಲವನ್ನೂ ಒಂದೇ ರಾತ್ರಿ ಏರಿಸಿದ್ದರೆ ಅದೂ ಕಾಣುತ್ತದೆ. ಪಾಸ್‌ವರ್ಡ್‌ಗಳನ್ನು, ಬೇರೆಯವರ ನಿಜವಾದ ಹೆಸರು, ಲೆಕ್ಕಗಳನ್ನು ಅಲ್ಲಿ ಹಾಕಬೇಡಿ.

ಪ್ರೋಗ್ರಾಂ ಅಲ್ಲದ ಕೆಲಸಕ್ಕೂ ಬೆಲೆ ಇದೆ. ಮದುವೆ ಸೀಸನ್‌ನಲ್ಲಿ ಕ್ಯಾಟರಿಂಗ್‌ನವರೊಂದಿಗೆ ಬಡಿಸಲು ಹೋಗಿ ಫೀಸು ಕಟ್ಟಿದವರು, ಮೊಬೈಲ್ ಅಂಗಡಿಯಲ್ಲಿ ರಜೆಯಲ್ಲಿ ಕೂತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸಪೋರ್ಟ್ ಮತ್ತು ಸರ್ವಿಸ್ ಡೆಸ್ಕ್ ಹುದ್ದೆಗಳಿಗೆ ಸಿಟ್ಟಾದ ಗ್ರಾಹಕರೊಂದಿಗೆ ತಾಳ್ಮೆಯಿಂದ ಮಾತನಾಡಿದ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಸಾಲು ಬರೆಯಿರಿ.

ಮುಚ್ಚಿಡಬೇಕೆನಿಸುವ ಸಂಗತಿಗಳು

ಕಡಿಮೆ ಅಂಕ, ಒಮ್ಮೆ ಅನುತ್ತೀರ್ಣವಾದ ವಿಷಯ, ಖಾಲಿ ಹೋದ ಒಂದು ವರ್ಷ. ಕೆಲವು ಕಂಪೆನಿಗಳು ಹತ್ತನೇ ತರಗತಿಯಿಂದ ಪದವಿಯವರೆಗೆ 60 ಶೇಕಡಾ ಕೇಳುತ್ತವೆ. 58 ಇದ್ದರೆ 60 ಎಂದು ಬರೆದು ದಾಟಬಹುದು ಎನಿಸುತ್ತದೆ. ಅಂಕಪಟ್ಟಿ ತೋರಿಸುವ ದಿನ ಅದು ಸುಳ್ಳಾಗುತ್ತದೆ, ಆಗ ಹೋಗುವುದು ಆ ಕೆಲಸ ಮಾತ್ರವಲ್ಲ. ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗಲೂ ನಿಮ್ಮ ವಿಶ್ವವಿದ್ಯಾನಿಲಯ ಕೊಟ್ಟ ಸೂತ್ರವನ್ನೇ ಬಳಸಿ. ಅಂಕದ ಮಿತಿ ಇಡದ ಕಂಪೆನಿಗಳೂ ಇವೆ, ಅಲ್ಲಿ ಅರ್ಜಿ ಹಾಕಿ. ತಾಯಿಯ ಕಾಯಿಲೆಗಾಗಿ ವರ್ಷ ಖಾಲಿ ಹೋಗಿದ್ದರೆ "ಕುಟುಂಬದ ಆರೈಕೆ" ಎಂದು ಬರೆಯಲು ನಾಚಿಕೆ ಬೇಡ, ಆ ಅವಧಿಯಲ್ಲಿ ಕಲಿತದ್ದಿದ್ದರೆ ಅದನ್ನೂ ಸೇರಿಸಿ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಹೊಸಬರಿಗೆ ಅವಕಾಶ ಕಡಿಮೆ ಇರುವ ವರ್ಷಗಳಲ್ಲಿ, ಎರಡು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳು ತಲೆ ಎತ್ತುತ್ತವೆ. ಎಲ್ಲರೂ ಹೀಗೇ ಮಾಡುತ್ತಾರೆ ಎಂದು ನಂಬಿಸುತ್ತಾರೆ. ಮನೆಯವರು ಚಿನ್ನ ಅಡವಿಟ್ಟು ಹಣ ಕಟ್ಟಿದ್ದನ್ನೂ ಕೇಳಿದ್ದೇನೆ. ಕಂಪೆನಿಗಳು ಹಿನ್ನೆಲೆ ಪರಿಶೀಲನೆಗೆ ಪ್ರತ್ಯೇಕ ಸಂಸ್ಥೆಗಳನ್ನು ಇಟ್ಟುಕೊಂಡಿರುತ್ತವೆ. 2014ರಲ್ಲಿ ಭವಿಷ್ಯನಿಧಿ ಖಾತೆಗೆ ಯುಎಎನ್ ಸಂಖ್ಯೆ ಬಂದ ಮೇಲೆ ಯಾರು ಎಲ್ಲಿ ಎಷ್ಟು ತಿಂಗಳು ದುಡಿದರು ಎಂಬುದನ್ನು ತಾಳೆ ನೋಡುವುದು ಸುಲಭವಾಗಿದೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಸಂಸ್ಥೆ, ನಕಲಿ ಕಂಪೆನಿಗಳ ಅನುಭವ ಪತ್ರ ತೋರಿಸಿ ಭಾರತದಲ್ಲಿ ಸೇರಿದ್ದವರನ್ನು ಕೆಲಸದಿಂದ ತೆಗೆದಿರುವುದಾಗಿ ಬಹಿರಂಗವಾಗಿಯೇ ತಿಳಿಸಿತ್ತು. ಸೇರಿ ಎಂಟು ತಿಂಗಳಾದ ಮೇಲೆ ಸಿಕ್ಕಿಬಿದ್ದರೂ ಪರಿಣಾಮ ಇದೇ. ಕೆಲಸ ಕೊಡಿಸಲು ಅಭ್ಯರ್ಥಿಯಿಂದ ಹಣ ಕೇಳುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಚಾಟ್‌ಜಿಪಿಟಿಯಂತಹ ಸಾಧನಗಳಿಂದ ರೆಸ್ಯೂಮ್ ಬರೆಸುವುದು ತಪ್ಪೇ ಎಂದು ಈಗ ಹಲವರು ಕೇಳುತ್ತಾರೆ. ಇಂಗ್ಲಿಷ್ ವ್ಯಾಕರಣ, ಸ್ಪೆಲ್ಲಿಂಗ್ ತಿದ್ದಿಸಿಕೊಳ್ಳಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ನಿಜವಾದ ಸಹಾಯ. ಆದರೆ ಅದು ಸೇರಿಸುವ ಭಾರೀ ಪದಗಳನ್ನು, ನೀವು ಸಾಧಿಸದ ಶೇಕಡಾ 40ರ ಸುಧಾರಣೆಯನ್ನು ಹಾಗೆಯೇ ಬಿಡಬೇಡಿ. ಸಂದರ್ಶಕ ಆ 40 ಎಲ್ಲಿಂದ ಬಂತು ಎಂದು ಕೇಳಿದಾಗ ಉತ್ತರಿಸಲು ಅದು ಪಕ್ಕದಲ್ಲಿ ಕುಳಿತಿರುವುದಿಲ್ಲ.

ಕಳುಹಿಸುವ ಮೊದಲು

ಹೊಸಬರಿಗೆ ಒಂದೇ ಪುಟ ಸಾಕು. ಪಿಡಿಎಫ್ ಆಗಿರಲಿ, ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರಿರಲಿ. "ರೆಸ್ಯೂಮ್ ಫೈನಲ್ ನ್ಯೂ 2" ಎಂಬ ಹೆಸರಿನ ಎಷ್ಟು ಫೈಲ್‌ಗಳು ನನ್ನ ಫೋನಿನಲ್ಲಿವೆಯೋ ಲೆಕ್ಕವಿಲ್ಲ. ಸಂಬಂಧಿಕರಿಗೆ ಕಳುಹಿಸುವಾಗ "ಎಲ್ಲಿಯಾದರೂ ನೋಡಿ" ಎನ್ನುವ ಬದಲು ಅವರ ಕಂಪೆನಿಯ ವೆಬ್‌ಸೈಟ್‌ನಲ್ಲಿ ನಿಮಗೆ ಹೊಂದುವ ಹುದ್ದೆ ಹುಡುಕಿ, ಅದರ ಸಂಖ್ಯೆಯನ್ನು ಜೊತೆಗೆ ಕೊಡಿ. ಅವರು ಎರಡು ನಿಮಿಷದಲ್ಲಿ ರೆಫರ್ ಮಾಡಬಲ್ಲರು. ಅದಕ್ಕಿಂತ ಮುಂಚೆ ನೀವೇ ಅರ್ಜಿ ಹಾಕಿಬಿಡಬೇಡಿ, ಹಾಗೆ ಹಾಕಿದವರ ರೆಫರಲನ್ನು ಕೆಲವು ಕಂಪೆನಿಗಳು ಪರಿಗಣಿಸುವುದಿಲ್ಲ.

ಕೊನೆಗೆ ಪ್ರಿಂಟ್ ತೆಗೆದು ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ಕೊಟ್ಟು, ಯಾವುದಾದರೂ ಸಾಲಿನ ಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳಲು ಹೇಳಿ. ಎರಡು ನಿಮಿಷ ನೀವು ನಿಲ್ಲದೆ ಮಾತನಾಡಬಲ್ಲಿರಾದರೆ ಆ ಸಾಲು ಇರಲಿ. ಇಲ್ಲವಾದರೆ ಅಂದೇ ಅಳಿಸಿ.